ನ್ಯಾಸಾಪಹಾರ: ಬೀಜದ ಕಂಪನಿಯೂ ರೈತನ ತಿಳಿವಳಿಕೆಯೂ

ಶ್ರಾವಕನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಲಾಗಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ಇವುಗಳಲ್ಲಿ ನಾಲ್ಕನೆಯದು ವರ್ತಕರ ಮನೆಯ ಬಾಗಿಲನ್ನೇ ನೇರವಾಗಿ ತಟ್ಟುವಂಥದು. ಒಬ್ಬನು ನಂಬಿಕೆಯಿಂದ ಹಣವನ್ನು ಮತ್ತೊಬ್ಬನಲ್ಲಿ ಇಟ್ಟು ಹೋಗುತ್ತಾನೆ. ಬಹುಕಾಲದ ಮೇಲೆ ಹಿಂದಿರುಗಿ ಬಂದಾಗ ಎಣಿಕೆಯನ್ನು ಮರೆತು, ತಾನು ಇಟ್ಟುದಕ್ಕಿಂತ ಕಡಿಮೆ ಮೊತ್ತವನ್ನು ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಕೇಳಿದಷ್ಟನ್ನು ಎಣಿಸಿ ಕೊಡುತ್ತಾನೆ. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯು ಈ ಅತಿಚಾರವನ್ನು ಹೀಗೆಯೇ ವಿವರಿಸುತ್ತದೆ. ಇಲ್ಲಿ ಯಾರೂ ಬೀಗ ಮುರಿಯಲಿಲ್ಲ, ಸುಳ್ಳು ಲೆಕ್ಕ ಬರೆಯಲಿಲ್ಲ. ಕೇಳಿದವನಿಗೆ ಕೇಳಿದ್ದು ಸಂದಿತು. ಆದರೂ ಶಾಸ್ತ್ರಕಾರರು ಇದನ್ನು ದೋಷವೆಂದೇ ಗಣಿಸಿದರು. ಅದನ್ನು ಅಚೌರ್ಯದ ಅಡಿಯಲ್ಲಿ ಸೇರಿಸದೆ ಸತ್ಯದ ಅಡಿಯಲ್ಲಿ ಸೇರಿಸಿದರೆಂಬುದು ಹೆಚ್ಚು ವಿಚಾರಾರ್ಹವಾದ ಸಂಗತಿ. ಎದುರಿನವನ ಅಜ್ಞಾನವನ್ನು ಕಂಡೂ ಅದನ್ನು ತಿದ್ದದೆ ಲಾಭಕ್ಕೆ ಬಳಸಿಕೊಳ್ಳುವುದು ಅವರ ದೃಷ್ಟಿಯಲ್ಲಿ ಅಸತ್ಯವೇ ಆಗಿತ್ತು.

ದಶಲಕ್ಷಣ ಪರ್ವದ ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಈ ಗ್ರಂಥದ ವಾಚನವಾಗುತ್ತದೆ. ಏಳನೆಯ ದಿನ ಈ ಸೂತ್ರ ಬರುತ್ತದೆ, ಎಲ್ಲರೂ ಕೈಮುಗಿದು ಕೇಳುತ್ತಾರೆ, ಎಂಟನೆಯ ದಿನ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಬ್ಯಾಂಕುಗಳು ಬಂದ ಮೇಲೆ ಊರಿನ ಸಾಹುಕಾರನಲ್ಲಿ ಹಣ ಇಡುವ ರೂಢಿ ಕಡಿಮೆಯಾಗಿದೆಯಾದ್ದರಿಂದ, ಈ ಅತಿಚಾರವು ಹಳೆಯ ಕಾಲದ್ದೆಂದು ಭಾವಿಸುವವರೂ ಉಂಟು. ಆದರೆ ಹಣವೊಂದೇ ನ್ಯಾಸವೆ? ರೈತನ ಹೊಲದಲ್ಲಿ ಬೆಳೆದು ನಿಂತ ಪರೀಕ್ಷೆಯ ಫಲಿತಾಂಶ, ಔಷಧಿ ಹೊಡೆದವನ ಮೈಮೇಲೆ ಆದ ಪರಿಣಾಮ, ತಿನ್ನುವವನ ಹೊಟ್ಟೆಗೆ ಹೋಗುವ ಪದಾರ್ಥದ ಗುಣದೋಷ, ಇವೂ ಒಬ್ಬರಿಂದ ಬಂದು ಮತ್ತೊಬ್ಬರ ಕಪಾಟಿನಲ್ಲಿ ಕೂತಿರುವ ನ್ಯಾಸಗಳೇ ಆಗಿವೆ. ಅವುಗಳ ಒಡೆಯನು ತಾನು ಎಷ್ಟು ಇಟ್ಟಿದ್ದೇನೆಂಬುದನ್ನು ಅರಿಯನು. ಆದುದರಿಂದ ಕಡಿಮೆ ಕೇಳುತ್ತಾನೆ, ಅಥವಾ ಕೇಳುವುದೇ ಇಲ್ಲ.

ರಾಯಚೂರು, ಕೊಪ್ಪಳದ ಸೀಮೆಯಲ್ಲಿ ಈ ಮಾತಿಗೆ ಒಂದು ದೊಡ್ಡ ದೃಷ್ಟಾಂತ ದೊರೆತದ್ದು 1998ರಲ್ಲಿ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಹತ್ತಿಯ ಗಿಡಕ್ಕೆ ಸೇರಿಸಿ, ಕಾಯಿಕೊರಕ ಹುಳುವಿಗೆ ವಿಷವಾಗುವ ವಸ್ತುವನ್ನು ಗಿಡವೇ ತನ್ನಲ್ಲಿ ಉತ್ಪತ್ತಿ ಮಾಡಿಕೊಳ್ಳುವಂತೆ ಮಾಡಿದ ಬಿ.ಟಿ. ಹತ್ತಿಯನ್ನು ಮಹಿಕೋ ಕಂಪನಿಯು ಅಮೆರಿಕದ ಮಾನ್ಸಾಂಟೊ ಕಂಪನಿಯ ಸಹಯೋಗದಲ್ಲಿ ಭಾರತಕ್ಕೆ ತಂದಿತ್ತು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಆ ವರ್ಷ ಒಂಬತ್ತು ರಾಜ್ಯಗಳ 40 ಸ್ಥಳಗಳಲ್ಲಿ ಅದರ ಬಯಲು ಪರೀಕ್ಷೆಗೆ ಅನುಮತಿ ನೀಡಿತು. ಸ್ಥಳಗಳು ಯಾವುವೆಂಬುದು ಮಾತ್ರ ನೆರೆಹೊಲದವರಿಗೂ ಊರಿನ ಜನರಿಗೂ ತಿಳಿದಿರಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ರಾಜ್ಯದ ಕೃಷಿ ಸಚಿವರು ಕರ್ನಾಟಕದ ಕೆಲವು ಸ್ಥಳಗಳನ್ನು ಬಹಿರಂಗಪಡಿಸಿದ ಮೇಲೆಯೇ ಸುದ್ದಿ ಹೊರಬಿದ್ದಿತು. ನವೆಂಬರ್ 28ರಂದು ರಾಯಚೂರು ಜಿಲ್ಲೆಯ ಮಲದಕಲ್ ಗ್ರಾಮದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘದವರು ಆ ಹೊಲದ ಗಿಡಗಳನ್ನು ಕಿತ್ತು ರಾಶಿ ಹಾಕಿ ಸುಟ್ಟರು. ತನ್ನ ಹೊಲದಲ್ಲಿ ಹಾಕಿಸಿದ ಬೀಜ ಯಾವ ಬಗೆಯದೆಂಬುದನ್ನು ಕಂಪನಿಯವರು ತನಗೆ ತಿಳಿಸಿರಲಿಲ್ಲವೆಂದು ಹೊಲದ ಒಡೆಯನು ಹೇಳಿದನೆಂದು ಸಂಘವು ಅಂದು ಪ್ರಕಟಿಸಿತು.

ಈ ಘಟನೆಯನ್ನು ಹೊಗಳಿದವರೂ ತೆಗಳಿದವರೂ ಗಮನಿಸದೆ ಹೋದ ಒಂದು ಅಂಶವಿದೆ. ಅಂದು ಊರೂರಲ್ಲಿ ಹಬ್ಬಿದ್ದ ಮಾತು ಬಿ.ಟಿ.ಯ ವಿಷಯದ್ದಾಗಿರಲಿಲ್ಲ, 'ಟರ್ಮಿನೇಟರ್' ಎಂಬ ಬಂಜೆಬೀಜದ ವಿಷಯದ್ದಾಗಿತ್ತು. ಮೊಳೆತು ಬೆಳೆದು ಕಾಳು ಕೊಟ್ಟರೂ ಆ ಕಾಳು ಮರುವರ್ಷ ಮೊಳೆಯದಂತೆ ಮಾಡುವ ಆ ತಂತ್ರಕ್ಕೆ 1998ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ಪೇಟೆಂಟ್ ಪಡೆದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಬೀಜದ ಕಂಪನಿಯನ್ನು ತಾನು ಕೊಳ್ಳುವುದಾಗಿ ಮಾನ್ಸಾಂಟೊ ಅದೇ ವರ್ಷ ಘೋಷಿಸಿತ್ತು. ಎರಡು ಸುದ್ದಿಗಳು ಬೆರೆತು, ಮಲದಕಲ್ಲಿನ ಹೊಲದಲ್ಲಿರುವುದೇ ಬಂಜೆಬೀಜವೆಂದೂ ಅದರ ಪರಾಗ ಗಾಳಿಯಲ್ಲಿ ಹಾರಿ ಸುತ್ತಲಿನ ಬೆಳೆಯೆಲ್ಲ ಬಂಜೆಯಾಗುವುದೆಂದೂ ಜನ ನಂಬಿದರು. ಅದು ನಿಜವಾಗಿರಲಿಲ್ಲ. ಪರೀಕ್ಷೆಯಲ್ಲಿದ್ದುದು ಬಿ.ಟಿ. ಹತ್ತಿ, ಟರ್ಮಿನೇಟರ್ ತಂತ್ರವು ಎಲ್ಲಿಯೂ ವ್ಯಾಪಾರಕ್ಕೆ ಬರಲಿಲ್ಲ, 1999ರಲ್ಲಿ ಮಾನ್ಸಾಂಟೊ ಅದನ್ನು ಬಳಸುವುದಿಲ್ಲವೆಂದು ಮಾತು ಕೊಟ್ಟಿತು. ಹಾಗಾದರೆ ರೈತರು ಸುಳ್ಳಿಗೆ ಬೆಂಕಿ ಹಚ್ಚಿದರೆ? ಹಾಗೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ತನ್ನ ಬೀಜವೇನು, ಅದು ಎಲ್ಲಿದೆ, ನೆರೆಯ ಹೊಲಕ್ಕೆ ಅದರಿಂದ ಏನಾದೀತು ಎಂಬ ಮೂರು ಪ್ರಶ್ನೆಗಳಿಗೆ ಕಂಪನಿಯು ಮುಂಗಾರಿನಲ್ಲಿಯೇ ಊರ ಚಾವಡಿಯಲ್ಲಿ ಉತ್ತರ ಕೊಟ್ಟಿದ್ದರೆ ನವೆಂಬರಿನಲ್ಲಿ ಗಾಳಿಮಾತಿಗೆ ಅವಕಾಶವೇ ಇರುತ್ತಿರಲಿಲ್ಲ. ತಾನೇ ಕತ್ತಲೆಯನ್ನು ಉಂಟುಮಾಡಿ, ಕತ್ತಲೆಯಲ್ಲಿ ಎಡವಿದವನನ್ನು ಕುರುಡನೆಂದು ಕರೆಯುವುದು ನ್ಯಾಯವಲ್ಲ.

ಚಳವಳಿಯವರ ಪಾಲಿನ ದೋಷವನ್ನೂ ಮರೆಮಾಚುವಂತಿಲ್ಲ. 1992ರ ಡಿಸೆಂಬರ್ 29ರಂದು ಇದೇ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜದ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದು ಸುಟ್ಟಿದ್ದರು. ಲೆಕ್ಕಪತ್ರ ಬಲ್ಲ ಯಾವನೂ ಈ ಕೆಲಸವನ್ನು ಮೆಚ್ಚಲಾರನು. ಎದುರಾಳಿಯ ದಫ್ತರು ಕೈಗೆ ಸಿಕ್ಕಾಗ ಅದನ್ನು ಓದಬೇಕಲ್ಲದೆ ಸುಡುವುದುಂಟೆ? ಅಹಿಂಸೆಯ ಪ್ರಶ್ನೆ ಹಾಗಿರಲಿ, ವ್ಯವಹಾರಜ್ಞಾನದ ದೃಷ್ಟಿಯಿಂದಲೂ ಅದು ನಷ್ಟದ ಬಾಬತ್ತು.

ಇದಕ್ಕೆ ಎದುರಾಗಿ ಕುಸನೂರಿನ ಸತ್ಯಾಗ್ರಹವನ್ನು ಇಟ್ಟು ನೋಡಬಹುದು. 1984ರಲ್ಲಿ ರಾಜ್ಯ ಸರ್ಕಾರವು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಯನ್ನು ರಚಿಸಿ, ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಜಮೀನನ್ನು ನೀಲಗಿರಿ ಬೆಳೆಸಲು ವಹಿಸಲು ಒಪ್ಪಂದ ಮಾಡಿಕೊಂಡಿತು. ಆ ಜಮೀನಿನಲ್ಲಿ ದನ ಮೇಯಿಸಿ, ಸೌದೆ ಆಯ್ದು ಬದುಕುತ್ತಿದ್ದ ಹಳ್ಳಿಗಳವರನ್ನು ಯಾರೂ ಕೇಳಿರಲಿಲ್ಲ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರೂ ಅವರ ಸಂಗಾತಿಗಳೂ ಮೊದಲು ಒಪ್ಪಂದದ ಕಾಗದಗಳನ್ನು ಹುಡುಕಿ ತೆಗೆದು ಓದಿದರು, ಹಳ್ಳಿಗಳಲ್ಲಿ ಓದಿ ಹೇಳಿದರು, ನ್ಯಾಯಾಲಯಕ್ಕೂ ಹೋದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಸಸಿಗಳನ್ನು ಹಚ್ಚಿದರು. 'ಕಿತ್ತಿಕೊ-ಹಚ್ಚಿಕೊ' ಎಂದೇ ಅದರ ಹೆಸರು. 1991ರಲ್ಲಿ ಆ ಕಂಪನಿ ಮುಚ್ಚಿತು. ಕುಸನೂರಿನವರಿಗೆ ತಾವು ಕೀಳುತ್ತಿರುವುದೇನು, ನೆಡುತ್ತಿರುವುದೇನು ಎಂಬುದು ಗೊತ್ತಿತ್ತು. ಮಲದಕಲ್ಲಿನವರಿಗೆ ಆ ಅನುಕೂಲವಿರಲಿಲ್ಲ. ಎರಡೂ ಕಡೆ ಕಿತ್ತವರು ಬಡ ರೈತರೇ. ಭೇದ ಇದ್ದದ್ದು ಕಾಗದ ಯಾರ ಕೈಯಲ್ಲಿತ್ತೆಂಬುದರಲ್ಲಿ.

ಬಿ.ಟಿ. ಹತ್ತಿಗೆ 2002ರ ಮಾರ್ಚಿನಲ್ಲಿ ವ್ಯಾಪಾರದ ಅನುಮತಿ ದೊರೆಯಿತು. ಮುಂದಿನ ಹತ್ತು-ಹನ್ನೆರಡು ವರ್ಷಗಳಲ್ಲಿ ದೇಶದ ಹತ್ತಿಯ ಕ್ಷೇತ್ರದ ಪ್ರತಿಶತ 90ಕ್ಕೂ ಮೇಲ್ಪಟ್ಟು ಅದೇ ಆವರಿಸಿತು. ಇದನ್ನೇ ಮುಂದಿಟ್ಟು, 'ರೈತನೇ ಆರಿಸಿಕೊಂಡನಲ್ಲ, ಇನ್ನೇನು ತಕರಾರು?' ಎಂದು ಕಂಪನಿಗಳ ಪರವಾಗಿ ವಾದಿಸುವವರು ಕೇಳುತ್ತಾರೆ. ಆ ಬೀಜದಿಂದ ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ತಗ್ಗಿತು, ಅದಕ್ಕಾಗಿ ಹೊಡೆಯುವ ಔಷಧಿಯೂ ಕಡಿಮೆಯಾಯಿತು ಎಂಬುದು ಸತ್ಯ. ಅದನ್ನು ಅಲ್ಲಗಳೆಯುವುದು ಮತ್ತೊಂದು ಬಗೆಯ ಏಕಾಂತವಾದೀತು. ಆದರೆ ಆಯ್ಕೆ ಎಂಬ ಪದವನ್ನು ಸ್ವಲ್ಪ ಪರೀಕ್ಷಿಸಬೇಕು. ತೆಲಂಗಾಣದ ವಾರಂಗಲ್ ಸೀಮೆಯ ಹತ್ತಿಯ ರೈತರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಗ್ಲೆನ್ ಸ್ಟೋನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರವನ್ನು ತೋರಿಸಿದರು. ಒಂದು ವರ್ಷ ಊರಿನವರೆಲ್ಲ ಒಂದು ಹೆಸರಿನ ಬೀಜದ ಹಿಂದೆ ಓಡುತ್ತಾರೆ, ಮತ್ತೊಂದು ವರ್ಷ ಮತ್ತೊಂದರ ಹಿಂದೆ. ಕೇಳಿದರೆ ಪಕ್ಕದವನು ಹಾಕಿದನೆಂಬುದರ ಹೊರತು ಕಾರಣ ಸಿಗುವುದಿಲ್ಲ. ಬೀಜಗಳ ಹೆಸರುಗಳು ವರ್ಷವರ್ಷವೂ ಬದಲಾಗುತ್ತಿದ್ದುದರಿಂದ, ಒಂದನ್ನು ಹಾಕಿ ನೋಡಿ ಅರಿತುಕೊಳ್ಳುವಷ್ಟರಲ್ಲಿ ಅದು ಅಂಗಡಿಯಿಂದಲೇ ಮಾಯವಾಗಿರುತ್ತಿತ್ತು. ತಲೆತಲಾಂತರದ ಬೀಜಜ್ಞಾನವು ಹೀಗೆ ಒಂದೆರಡು ದಶಕಗಳಲ್ಲಿ ಸವೆದುಹೋಗುವುದನ್ನು ಅವರು ಕೌಶಲ್ಯನಾಶವೆಂದು ಕರೆದರು. ತಿಳಿಯದೆ ಮಾಡಿದ ಆಯ್ಕೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದೂ 'ಹೌದು, ಅಷ್ಟೇ' ಎನ್ನುವ ಮಾತಿನ ಜಾತಿಯದೇ.

ಪತ್ರಿಕೆಗಳಾದರೂ ತಿಳಿಸಬಹುದಿತ್ತಲ್ಲ? 2008ರ ಅಕ್ಟೋಬರ್ 31ರಂದು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಬಿ.ಟಿ. ಹತ್ತಿ ಚಿನ್ನ ಬೆಳೆಯಿತೆಂಬ ಪುಟತುಂಬ ವರದಿ ಪ್ರಕಟವಾಯಿತು. 2011ರ ಆಗಸ್ಟ್ 28ರಂದು ಅದೇ ವರದಿ, ಅದೇ ಮಾತುಗಳಲ್ಲಿ, ಮತ್ತೆ ಕಾಣಿಸಿಕೊಂಡಿತು. ಈ ಸಲ ಅದರ ಮೂಲೆಯಲ್ಲಿ ಅದು ಗ್ರಾಹಕ ಸಂಪರ್ಕದ ಉಪಕ್ರಮವೆಂಬ ಅರ್ಥದ ಒಂದು ಸಣ್ಣ ಸಾಲಿತ್ತು, ಎಂದರೆ ಜಾಹೀರಾತು. ಪಿ. ಸಾಯಿನಾಥರು ಆ ಹಳ್ಳಿಗಳಿಗೆ ಹೋಗಿಬಂದು 2012ರ ಮೇ ತಿಂಗಳಲ್ಲಿ ದಿ ಹಿಂದೂ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದಾಗಲೇ ಸಾಮಾನ್ಯ ಓದುಗರಿಗೆ ಸಂಗತಿ ತಿಳಿದದ್ದು. ಹಳ್ಳಿಗಳವರು ಅವರಿಗೆ ಹೇಳಿದ ಕಥೆ ಚಿನ್ನದ್ದಾಗಿರಲಿಲ್ಲ. ಆ ಬೀಜದಿಂದ ಭಾರತದ ಹತ್ತಿ ಬೆಳೆಗಾರರ ವರಮಾನ 31,500 ಕೋಟಿ ರೂಪಾಯಿಗಳಿಗಿಂತ ಹೆಚ್ಚಿತೆಂದು ಸಾರಿದ ಕಂಪನಿಯ ಮತ್ತೊಂದು ಜಾಹೀರಾತಿನ ಮೇಲೆ ದೂರು ಹೋದಾಗ, ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಪ್ರಮಾಣಕ ಮಂಡಳಿಯು ಆ ಅಂಕಿಗೆ ಆಧಾರ ಸಾಲದೆಂದು 2012ರಲ್ಲಿ ತೀರ್ಮಾನಿಸಿತು. ತೀರ್ಮಾನ ಬರುವ ಹೊತ್ತಿಗೆ ಜಾಹೀರಾತು ತನ್ನ ಕೆಲಸವನ್ನು ಮುಗಿಸಿತ್ತು. ಸುದ್ದಿಯ ಬೆಲೆಗೆ ಜಾಹೀರಾತನ್ನು ದಾಟಿಸುವುದು, ತುಪ್ಪದ ಡಬ್ಬಿಯಲ್ಲಿ ಡಾಲ್ಡಾ ತುಂಬಿ ಮಾರಿದಂತೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಇದಕ್ಕೊಂದು ಹೆಸರುಂಟು: ಪ್ರತಿರೂಪಕ ವ್ಯವಹಾರ.

ಬದನೆಯ ಪ್ರಕರಣವಂತೂ ನ್ಯಾಸದ ಮಾತಿಗೆ ಇನ್ನೂ ಹತ್ತಿರದ್ದು. ಬಿ.ಟಿ. ಬದನೆಗೆ ಸಂಬಂಧಿಸಿದ ಸುರಕ್ಷತೆಯ ಪರೀಕ್ಷೆಗಳ ವಿವರಗಳನ್ನು ಮಾಹಿತಿ ಹಕ್ಕಿನ ಅನ್ವಯ 2006ರಲ್ಲಿ ಕೇಳಲಾಯಿತು. ವ್ಯಾಪಾರಿ ಗುಟ್ಟು ಎಂಬ ನೆಪದಿಂದ ಅವು ಹೊರಬರಲಿಲ್ಲ. ಕೇಂದ್ರ ಮಾಹಿತಿ ಆಯೋಗವು 2007ರಲ್ಲಿ ಕೊಡಬೇಕೆಂದಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಕೊನೆಗೆ 2008ರಲ್ಲಿ ಸುಪ್ರೀಂ ಕೋರ್ಟು ಮತ್ತೊಂದು ಅರ್ಜಿಯ ಸಂದರ್ಭದಲ್ಲಿ ವಿಷಗುಣ ಮತ್ತು ಅಲರ್ಜಿಗೆ ಸಂಬಂಧಿಸಿದ ಮಾಹಿತಿಯನ್ನು ಪ್ರಕಟಿಸುವಂತೆ ಹೇಳಿದ ಮೇಲೆ ಅದೇ ವರ್ಷ ಕಡತಗಳು ಹೊರಬಂದವು. ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಅವನ್ನು ಓದಿ ಪರೀಕ್ಷೆಗಳ ಕೊರತೆಗಳನ್ನು ಎತ್ತಿ ತೋರಿಸಿದರು. ಕೊರತೆ ಇಲ್ಲವೆಂದವರೂ ಇದ್ದರು. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟರೂ, ಆಗಿನ ಪರಿಸರ ಸಚಿವ ಜೈರಾಮ್ ರಮೇಶರು ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿ, ಕೊನೆಯದನ್ನು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಮುಗಿಸಿ, ಮೂರು ದಿನಗಳ ಅನಂತರ ತಡೆಯಾಜ್ಞೆ ಘೋಷಿಸಿದರು. ಎರಡು ವರ್ಷ ಗುಟ್ಟಾಗಿದ್ದ ಕಡತ ಬಹಿರಂಗವಾಗದೆ ಇದ್ದಿದ್ದರೆ ಆ ಸಭೆಗಳಲ್ಲಿ ಮಾತಾಡಲು ಕೂಗಾಟವೊಂದನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಆ ಬದನೆ ಯಾರದು ಎಂಬುದನ್ನೂ ನೋಡಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಮಹಿಕೋ ಕಂಪನಿಯ ವಂಶವಾಹಿಯನ್ನು ಸೇರಿಸಲು ಎತ್ತಿಕೊಂಡ ತಳಿಗಳಲ್ಲಿ ಮಲಾಪುರ, ಕುಡಚಿ, ರಬಕವಿ, ಉಡುಪಿ ಮೊದಲಾದ ಊರುಗಳ ಹೆಸರಿನವು ಇದ್ದವು. ಊರಿನ ಹೆಸರನ್ನೇ ಹೊತ್ತ ಬದನೆಯನ್ನು ಕಾಪಾಡಿದವರು ಆಯಾ ಊರಿನ ಒಕ್ಕಲುಮಕ್ಕಳು. ಜೀವವೈವಿಧ್ಯ ಕಾಯಿದೆ ಬಯಸುವಂತೆ ಅವರ ಸಮ್ಮತಿಯನ್ನು ಪಡೆದಿಲ್ಲವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯು 2010ರಲ್ಲಿ ದೂರು ಕೊಟ್ಟಿತು. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು 2011ರಲ್ಲಿ ಕಾನೂನು ಕ್ರಮಕ್ಕೆ ನಿರ್ಧರಿಸಿತು. ತಳಿ ಊರಿನದು, ಹೊಲ ರೈತನದು, ತಿನ್ನುವ ಬಾಯಿ ಜನರದು, ವಿಶ್ವವಿದ್ಯಾನಿಲಯ ಸರ್ಕಾರದ್ದು. ಫಲಿತಾಂಶ ಮಾತ್ರ ಕಂಪನಿಯ ಗುಟ್ಟು. ಕಂಪನಿ ಕಾಯಿದೆಯ ಪ್ರಕಾರ ನೂರು ರೂಪಾಯಿಯ ಷೇರು ಕೊಂಡವನಿಗೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧಕರ ಸಹಿಯುಳ್ಳ ಅಢಾವೆ ಪತ್ರಿಕೆ ಕೈಸೇರಬೇಕು. ಅದೇ ಕಂಪನಿಯ ಕಾಯಿಯನ್ನು ಹೊಟ್ಟೆಗೆ ಹಾಕಿಕೊಳ್ಳುವವನು ಅಢಾವೆ ಕೇಳಿದರೆ ಗುಟ್ಟೆನ್ನುವುದು ವಿಚಿತ್ರ ವಾಣಿಜ್ಯಶಾಸ್ತ್ರ.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿಯೇ ರಹೋಭ್ಯಾಖ್ಯಾನವೂ ಸಾಕಾರಮಂತ್ರಭೇದವೂ ಸೇರಿವೆ. ಎರಡೂ ಇತರರ ಗುಟ್ಟನ್ನು ಬಯಲು ಮಾಡಬಾರದೆಂದೇ ಹೇಳುತ್ತವೆ. ಹಾಗಿರುವಾಗ ಕಂಪನಿಯ ಗುಟ್ಟನ್ನು ಕೇಳುವುದು, ಬಯಲಿಗೆಳೆಯುವುದು ಧರ್ಮವೆ? ವರ್ತಕರಲ್ಲಿ ಅನೇಕರು ಪ್ರಾಮಾಣಿಕವಾಗಿಯೇ ಹೀಗೆ ಕೇಳುತ್ತಾರೆ. ಖರೀದಿಯ ದರ, ಗಿರಾಕಿಯ ಹೆಸರು, ಉದ್ರಿಯ ಬಾಕಿ ಇವನ್ನು ಪರರಿಗೆ ಹೇಳದಿರುವುದು ಪೇಟೆಯ ಮರ್ಯಾದೆ. ಆದರೆ ಆಚಾರ್ಯರ ವಿವರಣೆಯನ್ನು ಗಮನಿಸಿದರೆ ತೊಡಕು ಬಿಡಿಸಿಕೊಳ್ಳುತ್ತದೆ. ರಹೋಭ್ಯಾಖ್ಯಾನವೆಂದರೆ ಸ್ತ್ರೀಪುರುಷರ ಏಕಾಂತದ ನಡವಳಿಕೆಯನ್ನು ಹೊರಗೆಡಹುವುದು. ಸಾಕಾರಮಂತ್ರಭೇದವೆಂದರೆ ಮುಖಭಾವ, ಹುಬ್ಬಿನ ಚಲನೆಗಳಿಂದ ಒಬ್ಬನ ಮನಸ್ಸನ್ನು ಊಹಿಸಿ ಅಸೂಯೆಯಿಂದ ಅದನ್ನು ಪ್ರಚುರಪಡಿಸುವುದು. ಇವೆರಡೂ ಒಬ್ಬ ವ್ಯಕ್ತಿಯ ಮಾನವನ್ನು ಕಾಯುವ ನಿಯಮಗಳು. ಮತ್ತೊಬ್ಬನ ಪ್ರಾಣಕ್ಕೆ ಸಂಬಂಧಪಟ್ಟ ಸಂಗತಿಯನ್ನು ಅವನಿಂದಲೇ ಮುಚ್ಚಿಡಲು ಇವು ಆಸರೆಯಾಗಲಾರವು. ಔಷಧಿಯನ್ನು ತಯಾರಿಸುವ ವಿಧಾನ ಕಂಪನಿಯ ಗುಟ್ಟಾಗಿರಲಿ. ಆ ಔಷಧಿ ಹೊಡೆದವನ ನರಗಳಿಗೆ ಏನು ಮಾಡುತ್ತದೆಂಬುದು ಹೊಡೆದವನ ಸೊತ್ತು. ಮಾಹಿತಿ ಹಕ್ಕು ಕಾಯಿದೆಯ 8ನೆಯ ಕಲಮು ವ್ಯಾಪಾರಿ ಗುಟ್ಟನ್ನು ಕಾಪಾಡುತ್ತಲೇ, ವಿಶಾಲ ಸಾರ್ವಜನಿಕ ಹಿತವಿದ್ದಲ್ಲಿ ಅದನ್ನು ಕೊಡಬಹುದೆಂದು ಹೇಳುತ್ತದೆ. ಕಾಯಿದೆಯೂ ಶಾಸ್ತ್ರವೂ ಇಲ್ಲಿ ದೂರವಿಲ್ಲ.

ಅನೇಕಾಂತವನ್ನು ಮುಂದೆ ಮಾಡಿ 'ಕಂಪನಿಯದೂ ಸರಿ, ರೈತ ಸಂಘದ್ದೂ ಸರಿ' ಎಂದು ತಕ್ಕಡಿಯ ಮುಳ್ಳನ್ನು ನಡುವೆ ನಿಲ್ಲಿಸುವ ಜಾಣತನವೂ ಸಮಾಜದಲ್ಲಿ ಕಡಿಮೆಯಿಲ್ಲ. ವಸ್ತುವಿನ ಒಂದು ಅಂಶವನ್ನು ಹೇಳಿ ಉಳಿದ ಅಂಶಗಳಿಗೆ ಎಡೆಯಿಡುವುದು ನಯ. ಉಳಿದವು ಇಲ್ಲವೇ ಇಲ್ಲವೆಂಬುದು ದುರ್ನಯ. ಇಳುವರಿಯನ್ನು ಹೇಳಿ ಹುಳುವಿನ ನಿರೋಧಕತೆಯನ್ನು ಹೇಳದ ಜಾಹೀರಾತು ದುರ್ನಯ, ಬಿ.ಟಿ.ಯನ್ನು ಬಂಜೆಬೀಜವೆಂದ ಘೋಷಣೆಯೂ ದುರ್ನಯವೇ. ಆದರೆ ಒಂದು ದುರ್ನಯದ ಹಿಂದೆ ಕೋಟಿಗಟ್ಟಲೆ ರೂಪಾಯಿಗಳ ಪ್ರಚಾರವೂ, ಮತ್ತೊಂದರ ಹಿಂದೆ ಹಸಿರು ಟವಲೂ ಇವೆ. ಎರಡನ್ನೂ ಸಮತೂಕದವೆನ್ನುವುದು ಹೀನಾಧಿಕ ಮಾನೋನ್ಮಾನ, ಅಂದರೆ ಕಳ್ಳತೂಕ.

ಈಗ ವಿಷಯವು ಕಾರಟಗಿಗೆ ಬರಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ಈ ಊರು ಅಕ್ಕಿಯ ಗಿರಣಿಗಳಿಂದ ಹೆಸರಾದುದು. ಒಣಬೇಸಾಯದ ಬೆಳೆಗಳಿಗೆ ನೀರು ಹಂಚಬೇಕೆಂಬ ಯೋಜನೆಯ ಮೂಲ ಉದ್ದೇಶ ಮರೆತುಹೋಗಿ, ಕಾಲುವೆಯ ತಲೆಭಾಗದಲ್ಲೆಲ್ಲ ಭತ್ತವೇ ಭತ್ತ. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರಿಂದ ಸ್ಥಳೀಯರು ಬೇಸಾಯವನ್ನೂ ಕಲಿತರು, ಗೊಬ್ಬರ-ಔಷಧಿಯ ಧಾರಾಳವನ್ನೂ ಕಲಿತರು. ರೈತರ ಬಾಯಲ್ಲಿ ಕೀಟನಾಶಕಕ್ಕೆ 'ಎಣ್ಣಿ' ಎಂದು ಹೆಸರು. ವಿಷವನ್ನು ಎಣ್ಣೆಯೆಂದು ಕರೆಯುವ ಭಾಷೆಯಲ್ಲಿ ಎಚ್ಚರಿಕೆ ಅರ್ಧ ಕರಗಿಹೋಗಿರುತ್ತದೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡಿ ವಿಷದ ತೀವ್ರತೆ ತಿಳಿಯಬೇಕೆಂದು ಸರ್ಕಾರದ ನಿಯಮ: ಕೆಂಪು ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯವೆಂದು ಭಾವಿಸುವ ರೈತನಿಗೆ, ಅದೂ ವಿಷವೇ, ಕಡಿಮೆ ದರ್ಜೆಯದು ಎಂದು ಹೇಳುವವರು ಯಾರು? ಒಳಗಿನ ಮಡಿಕೆಪತ್ರವು ಹಲವು ಭಾಷೆಗಳಲ್ಲಿ, ಸಾಸಿವೆಯಂಥ ಅಕ್ಷರಗಳಲ್ಲಿ ಎಲ್ಲವನ್ನೂ ಹೇಳಿರುತ್ತದೆ. ಹೇಳಿದಂತೆಯೂ ಆಗಬೇಕು, ತಿಳಿಯಲೂ ಬಾರದು.

ಹೇಳುವವರು ಯಾರೆಂಬುದಕ್ಕೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 2003ರ ಸುತ್ತು ಉತ್ತರ ಕೊಟ್ಟಿದೆ. ಹೊಸ ಬೇಸಾಯದ ಬಗ್ಗೆ ಯಾವುದಾದರೊಂದು ಮೂಲದಿಂದ ತಿಳಿವಳಿಕೆ ಪಡೆದ ರೈತ ಕುಟುಂಬಗಳೇ ದೇಶದಲ್ಲಿ ಪ್ರತಿಶತ 40ರಷ್ಟು. ಸರ್ಕಾರದ ವಿಸ್ತರಣಾ ಕಾರ್ಯಕರ್ತನಿಂದ ಪಡೆದವು ಪ್ರತಿಶತ 5.7, ಬೀಜ-ಗೊಬ್ಬರ-ಔಷಧಿಯ ಅಂಗಡಿಯಿಂದ ಪಡೆದವು 13.1. ಅಂದರೆ ಸರ್ಕಾರದ ಕೃಷಿ ಪಂಡಿತನಿಗಿಂತ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು ಎರಡು ಪಟ್ಟು ದೊಡ್ಡ ಉಪಾಧ್ಯಾಯ. ಆ ಉಪಾಧ್ಯಾಯನಿಗೆ ಪಾಠ ಹೇಳಿಕೊಡುವವನು ಕಂಪನಿಯ ಪ್ರತಿನಿಧಿ. ಪರೀಕ್ಷೆಯಲ್ಲಿ ಪಾಸಾದರೆ ಬಹುಮಾನ ಗೋವೆಯ ಪ್ರವಾಸ, ಬಂಗಾರದ ನಾಣ್ಯ. ವ್ಯಾಪಾರಿಗಳಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು 2003ರಿಂದ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿರುವುದು ಸ್ತುತ್ಯ. ಅದರ ಪಾಠ ಒಳ್ಳೆಯದೇ ಇರಬಹುದು. ಪಾಠಕ್ಕೂ ಕಮಿಷನ್ನಿಗೂ ಜಗಳವಾದಾಗ ಗೆಲ್ಲುವುದು ಯಾವುದೆಂಬುದು ಅಂಗಡಿಕಾರರಿಗೆ ಗೊತ್ತು.

ಭತ್ತದ ಕಂದು ಜಿಗಿಹುಳುವಿನ ವಿಚಾರವನ್ನೇ ತೆಗೆದುಕೊಳ್ಳಬಹುದು. ಈ ಹುಳು ಬಿದ್ದ ಗದ್ದೆ ಅಲ್ಲಲ್ಲಿ ಬೆಂಕಿ ತಗುಲಿದಂತೆ ವೃತ್ತಾಕಾರವಾಗಿ ಸುಟ್ಟು ಕಾಣುತ್ತದೆ. ಕಂಡ ರೈತ ಗಾಬರಿಯಿಂದ ಅಂಗಡಿಗೆ ಓಡಿಬರುತ್ತಾನೆ. ಸಿಕ್ಕಸಿಕ್ಕ ಕೀಟನಾಶಕವನ್ನು ಹೊಡ್ಡೇ ಹೊಡೆಯುವುದರಿಂದ ಜೇಡ ಮೊದಲಾದ ಮಿತ್ರಜೀವಿಗಳು ಸತ್ತು, ಜಿಗಿಹುಳು ಮತ್ತಷ್ಟು ಹೆಚ್ಚುತ್ತದೆಂಬುದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಕೇಂದ್ರದವರಿಗೆ ದಶಕಗಳಿಂದ ತಿಳಿದ ಸಂಗತಿ. ಇಂಡೋನೇಷ್ಯದಲ್ಲಿ ಭತ್ತವೆಲ್ಲ ಜಿಗಿಹುಳುವಿಗೆ ತುತ್ತಾದಾಗ ಅಧ್ಯಕ್ಷ ಸುಹಾರ್ತೊ 1986ರಲ್ಲಿ ಭತ್ತಕ್ಕೆ ಹೊಡೆಯುವ 57 ಕೀಟನಾಶಕಗಳನ್ನು ಒಂದೇ ಆಜ್ಞೆಯಿಂದ ನಿಷೇಧಿಸಿದರು, ಔಷಧಿಯ ಸಹಾಯಧನವನ್ನು ಹಂತಹಂತವಾಗಿ ನಿಲ್ಲಿಸಿದರು. ಆಮೇಲೆ ರೈತರು ಗದ್ದೆಯಲ್ಲಿಯೇ ಗುಂಪಾಗಿ ಕುಳಿತು ಯಾವ ಹುಳು ಶತ್ರು, ಯಾವುದು ಮಿತ್ರ ಎಂದು ಎಣಿಸುವ ಹೊಲಶಾಲೆಗಳು ನಡೆದವು. ಔಷಧಿ ಕಡಿಮೆಯಾಯಿತು, ಭತ್ತ ಕಡಿಮೆಯಾಗಲಿಲ್ಲ. ಸುಹಾರ್ತೊ ಪ್ರಜಾಪ್ರಭುತ್ವದ ಆದರ್ಶಪುರುಷನೇನಲ್ಲ. ಒಳ್ಳೆಯ ಕೆಲಸವನ್ನು ಒಳ್ಳೆಯವರೇ ಮಾಡಬೇಕೆಂಬ ನಿಯಮವೂ ಇಲ್ಲ. ಎಡದಂಡೆ ಕಾಲುವೆಯ ಎಷ್ಟು ಅಂಗಡಿಗಳಲ್ಲಿ ಈ ಸಂಗತಿಯನ್ನು ರೈತನಿಗೆ ಹೇಳಲಾಗುತ್ತದೆ?

ಶ್ರಾವಕಾಚಾರದ ಗ್ರಂಥಗಳಲ್ಲಿ ಬರುವ ಅನರ್ಥದಂಡದ ಐದು ಭೇದಗಳನ್ನು ಇಲ್ಲಿ ನೆನೆಯಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕವು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಇವನ್ನು ಹೆಸರಿಸುತ್ತದೆ. ಹಿಂಸಾದಾನವೆಂದರೆ ಕೊಲ್ಲುವ ಸಾಧನಗಳನ್ನು, ಅವುಗಳಲ್ಲಿ ವಿಷವನ್ನೂ, ಪರರ ಕೈಗೆ ಕೊಡುವುದು. ಗೃಹಸ್ಥನಿಗೆ ಬೇಸಾಯ, ವಾಣಿಜ್ಯಗಳಲ್ಲಿ ಅನಿವಾರ್ಯವಾಗಿ ಆಗುವ ಆರಂಭೀ, ಉದ್ಯೋಗೀ ಹಿಂಸೆಗೆ ರಿಯಾಯಿತಿ ಉಂಟು. ಔಷಧಿಯ ಅಂಗಡಿ ಇಟ್ಟ ಸಹಧರ್ಮಿಗಳು ಈ ರಿಯಾಯಿತಿಯನ್ನು ಆಶ್ರಯಿಸುತ್ತಾರೆ. ರೈತನ ಬೆಳೆ ಉಳಿಸಲು ಕೊಟ್ಟದ್ದು, ಕೊಲ್ಲುವ ಸಂಕಲ್ಪ ತಮ್ಮದಲ್ಲ ಎಂಬುದು ಅವರ ವಾದ. ಒಪ್ಪಬಹುದಾದ ವಾದವೇ. ಆದರೆ ಬೇಡದ ಸಿಂಪಡಣೆಗೆ, ಹೊಡೆದರೆ ಹುಳು ಹೆಚ್ಚುವ ಸಿಂಪಡಣೆಗೆ ಈ ರಿಯಾಯಿತಿ ಸಲ್ಲದು. ಅದರಿಂದ ಬೆಳೆಯೂ ಉಳಿಯದು, ತ್ರಸಜೀವಿಗಳೂ ಉಳಿಯವು. ಪ್ರಯೋಜನವಿಲ್ಲದ ಹಿಂಸೆಯಾದುದರಿಂದ ಅದು ಅಕ್ಷರಶಃ ಅನರ್ಥದಂಡ. ಕಂಪನಿಯ ಪ್ರಚಾರ ದುಃಶ್ರುತಿಯಾದರೆ, ಅದನ್ನು ಗಲ್ಲೆಯ ಮೇಲಿಂದ ರೈತನಿಗೆ ದಾಟಿಸುವ ಮಾತು ಪಾಪೋಪದೇಶ. ಕಂಪನಿ ಮುಂಬಯಿಯಲ್ಲಿದೆ, ಅಮೆರಿಕದಲ್ಲಿದೆ ಎಂದು ಬೆರಳು ತೋರಿಸುವಾಗ, ಮಾಹಿತಿಯ ಕಾಲುವೆಯ ಕೊನೆಯ ತೂಬು ಇರುವುದು ಕಾರಟಗಿಯ ಪೇಟೆಯಲ್ಲಿಯೇ ಎಂಬುದು ಮರೆಯುತ್ತದೆ.

ಹತ್ತಿಯ ಬೀಜದ ಪೊಟ್ಟಣದಲ್ಲಿಯೂ ಇದೇ ಕಥೆ. 450 ಗ್ರಾಂ ಬಿ.ಟಿ. ಬೀಜದ ಜೊತೆಗೆ 120 ಗ್ರಾಮಿನ ಬೇರೊಂದು ಸಣ್ಣ ಪೊಟ್ಟಣವನ್ನು ಇಡುತ್ತಿದ್ದರು. ಅದು ಸಾದಾ ಹತ್ತಿ. ಹೊಲದ ಸುತ್ತ ಅದನ್ನು ಬಿತ್ತಿದರೆ, ವಿಷಕ್ಕೆ ಒಗ್ಗಿಕೊಳ್ಳದ ಹುಳುಗಳು ಅಲ್ಲಿ ಉಳಿದು, ಒಗ್ಗಿಕೊಂಡ ಹುಳುಗಳ ಸಂತತಿ ಪ್ರಬಲವಾಗುವುದು ನಿಧಾನವಾಗುತ್ತದೆ. ಹುಳುವಿಗೆ ಜಾಗ ಬಿಟ್ಟರೆ ಬೆಳೆ ಉಳಿಯುತ್ತದೆಂಬ ಈ ವಿಚಾರ ಜೈನರಿಗೆ ಹಿಡಿಸಬೇಕಾದದ್ದು. ಆದರೆ ಏಕೆ ಬಿತ್ತಬೇಕೆಂದು ತಿಳಿಯದ ರೈತರು ಆ ಪೊಟ್ಟಣವನ್ನು ಬದುವಿನ ಮೇಲೆ ಎಸೆದರು. ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲ ಬಿ.ಟಿ. ಹತ್ತಿಗೆ ಒಗ್ಗಿಕೊಂಡಿದೆಯೆಂದು 2010ರಲ್ಲಿ ಮಾನ್ಸಾಂಟೊ ಕಂಪನಿಯೇ ಪ್ರಕಟಿಸಿತು. ರೈತರು ಸಾದಾ ಬೀಜ ಬಿತ್ತದಿರುವುದೂ ಅದಕ್ಕೊಂದು ಕಾರಣವೆಂದಿತು. ಬೆಲೆಯನ್ನೂ ಇಳುವರಿಯನ್ನೂ ಗೋಡೆಗೋಡೆಯ ಮೇಲೆ ಬರೆಸಿದವರಿಗೆ, ಆ 120 ಗ್ರಾಮಿನ ಅರ್ಥವನ್ನು ಒಂದು ಗೋಡೆಯ ಮೇಲೂ ಬರೆಸಲು ಬಣ್ಣ ಸಾಲದೆ ಹೋಯಿತು.

ಕೊನೆಯದಾಗಿ ಒಂದು ಸಣ್ಣ ಕಾಗದದ ಮಾತು. ಕೆಟ್ಟ ಬೀಜದಿಂದ ನಷ್ಟಕ್ಕೊಳಗಾದ ರೈತನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ತೀರ್ಪಿತ್ತಿತು. ಹೋಗುವವನ ಕೈಯಲ್ಲಿ ಮೊದಲು ಇರಬೇಕಾದದ್ದು ಬೀಜದ ಹೆಸರು, ತಂಡದ ಸಂಖ್ಯೆ, ತಾರೀಖು ನಮೂದಾದ ಪಾವತಿ. ಉದ್ರಿಯ ಮೇಲೆ ಬೀಜ, ಗೊಬ್ಬರ, ಎಣ್ಣಿ ಒಯ್ಯುವ ರೈತನಿಗೆ ಆ ಪಾವತಿ ಸಿಗುವುದು ಅಪರೂಪ. ಸುಗ್ಗಿಯಲ್ಲಿ ಭತ್ತ ತಂದು ಹಾಕಿದಾಗ ಒಟ್ಟು ಬಾಕಿಯ ಮೊತ್ತವನ್ನು ಮಾತ್ರ ಹೇಳುತ್ತಾರೆ. ವಿವರವೆಲ್ಲ ಅಂಗಡಿಯ ಖಾತೆಯಲ್ಲಿರುತ್ತದೆ. ರೈತ ಅದನ್ನು ಕೇಳುವುದಿಲ್ಲ, ಏಕೆಂದರೆ ಮುಂದಿನ ಬೆಳೆಗೂ ಅದೇ ಅಂಗಡಿಯಲ್ಲಿ ಉದ್ರಿ ಹೇಳಬೇಕು. ಕೇಳದೆ ಇದ್ದರೂ ಬರೆದು ಕೊಡುವ ಕೆಲವು ಅಂಗಡಿಗಳು ಪೇಟೆಯಲ್ಲಿವೆ. ಅವರ ಖಾತೆಯ ಹಾಳೆಗೂ ರೈತನ ಕೈಯ ಚೀಟಿಗೂ ತಾಳೆ ನೋಡಿದರೆ ಅಂಕಿ ಒಂದೇ ಇರುತ್ತದೆ.